ತತ್ತಿ ಯಾರ ಲೆಕ್ಕಕ್ಕೆ?

2024ರ ಆಗಸ್ಟ್‌ನಲ್ಲಿ ಒಂದು ವಿಡಿಯೊ ನಮ್ಮ ಕಡೆಯ ಎಲ್ಲರ ಫೋನಿಗೂ ಬಂದಿತ್ತು. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿ. ಮಕ್ಕಳು ಸಾಲಾಗಿ ಕೂತಿದ್ದಾರೆ. ಮುಂದೆ ತಟ್ಟೆ, ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ. ಪುಟ್ಟ ಕೈ ಮುಗಿದುಕೊಂಡು ಪ್ರಾರ್ಥನೆ ಮಾಡುತ್ತಿದ್ದಾರೆ. ಅದನ್ನು ಮೊಬೈಲ್‌ನಲ್ಲಿ ತೆಗೆದದ್ದಾಯಿತು. ಆಮೇಲೆ ಮೊಟ್ಟೆಗಳು ತಟ್ಟೆಯಿಂದ ವಾಪಸ್ ಹೋದವು. ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಅಮಾನತಾದರು. ನಾನೂ ಎಲ್ಲರ ಹಾಗೆ ಸಿಟ್ಟಿನಿಂದ ನಾಲ್ಕು ಗ್ರೂಪಿಗೆ ಕಳಿಸಿದೆ. ಮಾನ್ವಿ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನಮ್ಮ ಚಿಗವ್ವನಿಗೂ ಕಳಿಸಿದೆ. ಗುಡ್ ಮಾರ್ನಿಂಗ್ ಹೂವಿಗೂ ಉತ್ತರ ಕೊಡುವ ಚಿಗವ್ವ ಒಂದು ದಿನ ಸುಮ್ನಿದ್ದಳು. ಮರುದಿನ ರಾತ್ರಿ ಫೋನ್ ಮಾಡಿದಳು. "ನೋಡಿದೆ. ತಪ್ಪು ಮಾಡ್ಯಾರ, ಅದನ್ನ ಇಲ್ಲ ಅನ್ನಂಗಿಲ್ಲ. ಆದ್ರ ಉಣ್ಣೂಕಿಂತ ಮೊದ್ಲು ವಿಡಿಯೊ ಯಾಕ ಮಾಡ್ಬೇಕು ಅಂತ ಯಾರೂ ಕೇಳವಲ್ರು ನೋಡು" ಅಂದಳು.

ಆ ಮಾತು ಅಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ. ನಾನು ಸಿಂಧನೂರಿನ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವವನು. ಮೂಟೆ ಬಂತು, ಮೂಟೆ ಹೋಯಿತು, ಯಾರ ಖಾತೆಗೆ ಹಾಕಬೇಕು, ಇಷ್ಟೇ ನನ್ನ ಕೆಲಸ. ಆ ವಿಡಿಯೊದಲ್ಲಿ ಮಕ್ಕಳ ತಟ್ಟೆಯಲ್ಲಿದ್ದ ಮೊಟ್ಟೆ ಯಾರದೋ ಖಾತೆಗೆ ಜಮಾ ಆಗಿಯೇ ಇರುತ್ತದೆ. ಫೋಟೊ ಇದ್ದರೆ ಜಮಾ. ಮಗುವಿನ ಹೊಟ್ಟೆಗೆ ಹೋಯಿತೋ ಇಲ್ಲವೋ ಅನ್ನುವುದಕ್ಕೆ ಕಾಲಂ ಇಲ್ಲ.

(ಇಲ್ಲೊಂದು ಮಾತು. ಸರ್ಕಾರಿ ಕಾಗದದಲ್ಲಿ ಅದು ಮೊಟ್ಟೆ. ನಮ್ಮ ಕಡೆ ತತ್ತಿ. ಮುಂದೆ ಎರಡೂ ಬಂದಾವು, ಗೊಂದಲ ಮಾಡಿಕೊಳ್ಳಬೇಡಿ.)

ಡಬ್ಬಿ ತಂದ ಹೆಣ್ಣುಮಗಳು

2018ರ ಆಗಸ್ಟ್ ಇರಬೇಕು, ಭತ್ತ ಹಚ್ಚುವ ದಿನಗಳು. ಏನೋ ಕೆಲಸಕ್ಕೆ ಆ ಕಡೆ ಹೋದವನು ಮಧ್ಯಾಹ್ನ ಚಿಗವ್ವನ ಅಂಗನವಾಡಿಗೆ ಹೋಗಿ ಕೂತಿದ್ದೆ. ಒಂದೇ ಕೋಣೆ. ಒಂದು ಮೂಲೆಯಲ್ಲಿ ಸಿಲಿಂಡರ್, ಇನ್ನೊಂದು ಮೂಲೆಯಲ್ಲಿ ತೂಕದ ಯಂತ್ರ, ನಡುವೆ ಇಪ್ಪತ್ತು ಮಕ್ಕಳು. ಬಸುರಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ ಎಲ್ಲ ಕಡೆ ಶುರುವಾಗಿ ಇನ್ನೂ ವರ್ಷವಾಗಿರಲಿಲ್ಲ. 2017ರ ಅಕ್ಟೋಬರ್ 2ಕ್ಕೆ ಅದು ಇಡೀ ರಾಜ್ಯಕ್ಕೆ ಬಂತು. ಅದಕ್ಕೂ ಮುಂಚೆ ಪ್ರಯೋಗಕ್ಕೆ ಅಂತ ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಹಾಗಾಗಿ ಚಿಗವ್ವ ತನ್ನನ್ನು ಈ ವಿಷಯದಲ್ಲಿ ಸೀನಿಯರ್ ಅಂತಲೇ ತಿಳಿದುಕೊಂಡಿದ್ದಾಳೆ. ಬಸುರಿ, ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಒಂದು ಪೂರ್ತಿ ಊಟ. ಅನ್ನ, ಬೇಳೆ ಸಾರು, ಪಲ್ಯ, ಒಂದು ತತ್ತಿ, 200 ಮಿಲಿ ಹಾಲು, ಶೇಂಗಾ ಚಿಕ್ಕಿ. ಉಂಡ ಮೇಲೆ ಅಲ್ಲೇ ಕಬ್ಬಿಣಾಂಶದ ಗುಳಿಗೆ. ಒಂದು ದಿನಕ್ಕೆ ಬೇಕಾದ ಪೌಷ್ಟಿಕಾಂಶದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಒಂದೇ ಊಟದಲ್ಲಿ ಸಿಗಲಿ ಅನ್ನುವುದು ಲೆಕ್ಕ. ಆಂಧ್ರದಲ್ಲಿ 2013ರಿಂದ ಇಂಥದ್ದೇ ಊಟ ನಡೆದಿತ್ತು, ತೆಲಂಗಾಣದಲ್ಲೂ ಇತ್ತು. ಗಡಿ ದಾಟಿ ನಮ್ಮಲ್ಲಿಗೆ ಬಂದ ಒಳ್ಳೆಯ ಯೋಜನೆ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಿಜವಾಗಿಯೂ ಒಳ್ಳೆಯದು.

ಆ ದಿನ ಊಟಕ್ಕೆ ಬಂದಿದ್ದವರು ನಾಲ್ಕೇ ಜನ. ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು. ಒಂದೂವರೆಯ ಹೊತ್ತಿಗೆ ಒಬ್ಬಳು ಬಂದಳು. ಆರು ತಿಂಗಳಿರಬಹುದು. ಮೊಣಕಾಲಿನವರೆಗೆ ಗದ್ದೆಯ ಕೆಸರು ಒಣಗಿ ಬಿಳಿಯಾಗಿತ್ತು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಇದ್ರಾಗ ಹಾಕಿಕೊಡ್ರಿ ಅಕ್ಕಾರ. ಟಂಟಂ ನಿಂತೈತಿ, ಹೊಲಕ್ಕ ಹೋಗ್ಬೇಕು."

"ಇಲ್ಲೇ ಕುಂತು ಉಣ್ಣಬೇಕವ್ವ, ಹಂಗೈತಿ ರೂಲ್ಸು."

"ಇವತ್ತೊಂದಿನ ಕೊಡ್ರಿ."

ಚಿಗವ್ವ ಕೊಡಲಿಲ್ಲ. ಹೊರಗೆ ಟಂಟಂನವನು ಹಾರ್ನ್ ಹೊಡೆಯುತ್ತಿದ್ದ. ಆ ಹೆಣ್ಣುಮಗಳು ತತ್ತಿ ಒಂದನ್ನು ನಿಂತಲ್ಲೇ ತಿಂದು, ಹಾಲು ಕುಡಿದು, ಚಿಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಓಡಿದಳು. ಅನ್ನ, ಸಾರು ಹಾಗೇ ಉಳಿಯಿತು. ಆಕೆ ಹೋದ ಮೇಲೆ ಚಿಗವ್ವನ ಮೇಲೆ ನನಗೆ ಬೇಜಾರಾಗಿತ್ತು. ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಚಿಗವ್ವ ಹೇಳಿದ್ದು ಇಷ್ಟು. ಡಬ್ಬಿ ಮನೆಗೆ ಹೋದರೆ ಆಕೆಯ ನಾಲ್ಕು ವರ್ಷದ ಮಗನಿಗೆ ತತ್ತಿ, ಅತ್ತೆಗೆ ಹಾಲು, ಗಂಡನಿಗೆ ಅನ್ನ. ಆಕೆಗೆ ಡಬ್ಬಿ ತೊಳೆಯುವ ಕೆಲಸ. ಹಾಗಾಗಿಯೇ ಅಲ್ಲೇ ಕೂತು ಉಣ್ಣಬೇಕು ಅನ್ನುವ ನಿಯಮ ಬಂದದ್ದು. ನಿಯಮ ಮಾಡಿದವರಿಗೆ ಮನೆ ಗೊತ್ತಿತ್ತು, ಗದ್ದೆ ಗೊತ್ತಿರಲಿಲ್ಲ.

ಬಾಣಂತಿಯ ವಿಷಯವಂತೂ ಬೇರೆಯೇ. ನಮ್ಮ ಕಡೆ ಹೆರಿಗೆಯಾದ ಹೆಣ್ಣು ತಲೆಗೆ ಬಟ್ಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹೊಸ್ತಿಲು ದಾಟುವುದಿಲ್ಲ. ದಾಟಿದರೆ ಓಣಿಯವರೇ ಬಿಡುವುದಿಲ್ಲ. ಅವಳು ದಿನಾ ನಡೆದು ಬಂದು ಅಂಗನವಾಡಿಯಲ್ಲಿ ಉಣ್ಣಬೇಕು, ಆರು ತಿಂಗಳು. ಕಾಗದದಲ್ಲಿ ಓದಿದಾಗ ಎಷ್ಟು ಸರಳ ಅಲ್ವಾ? ಯಾರ ಮನೆಯವರು ಯಾರ ಪಕ್ಕ ಕೂತು ಉಣ್ಣುತ್ತಾರೆ ಅನ್ನುವ ಜಾತಿಯ ಮಾತನ್ನು ಚಿಗವ್ವ ನನ್ನೆದುರು ಬಾಯಿ ಬಿಟ್ಟು ಹೇಳಲಿಲ್ಲ. ಬಂದ ನಾಲ್ಕೂ ಜನ ಒಂದೇ ಓಣಿಯವರು ಅಂದಳು, ಅಷ್ಟೇ. 2020ರಲ್ಲಿ ಕೊರೊನಾ ಬಂದಾಗ ಎಲ್ಲಾ ಕಡೆ ಮನೆಗೇ ರೇಷನ್ ಕೊಟ್ಟರು. ಆಗ ಪಟ್ಟಿಯಲ್ಲಿದ್ದವರೆಲ್ಲ ಬಂದು ಒಯ್ದರು. ಒಯ್ದದ್ದು ಯಾರ ಹೊಟ್ಟೆಗೆ ಹೋಯಿತು ಅಂತ ಆಗಲೂ ಕಾಲಂ ಇರಲಿಲ್ಲ.

ಬೇಗ ಮುಗಿದುಹೋಗುವ ಪಟ್ಟಿ

ವಿಡಿಯೊ ಓಡಾಡುತ್ತಿದ್ದ ಅದೇ ದಿನಗಳಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನಮ್ಮ ಮಿಲ್ಲಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಮುಖ್ಯಮಂತ್ರಿ ಬಂದರು, ಮಂತ್ರಿಗಳು ಬಂದರು, ವಿರೋಧ ಪಕ್ಷದವರು ಬಂದರು, ಹೈದರಾಬಾದಿನಿಂದ ಎಂಜಿನಿಯರ್ ಬಂದರು. ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಇಳಿಸಿ ಒಂದು ವಾರದಲ್ಲಿ ಗೇಟು ಮುಚ್ಚಿದರು. ದೊಡ್ಡ ಕೆಲಸವೇ. ಅದು ಅಷ್ಟು ಬೇಗ ಆದದ್ದು ಯಾಕೆ ಅಂದರೆ, ಆ ನೀರಿನ ಹಿಂದೆ ಎರಡು ಮೂರು ರಾಜ್ಯದ ರೈತರಿದ್ದರು. ಅವರು ಹೋದ ವರ್ಷವೂ ರೈತರು, ಬರುವ ವರ್ಷವೂ ರೈತರು.

ಬಸುರಿಯ ತತ್ತಿಯ ಹಿಂದೆ ಯಾರಿದ್ದಾರೆ? ಇದನ್ನು ಯೋಚಿಸುತ್ತಾ ಹೋದಾಗ ನನಗೆ ಸಿಕ್ಕ ಉತ್ತರ ಬರೀ ಲೆಕ್ಕದ್ದು. ಒಂಬತ್ತು ತಿಂಗಳು, ಆಮೇಲೆ ಆರು ತಿಂಗಳು. ಒಟ್ಟು ಹದಿನೈದು. ಮೂರನೇ ತಿಂಗಳಿಗೆ ತಾಯಿ ಕಾರ್ಡ್ ಆಯಿತು ಅಂದುಕೊಂಡರೆ ಉಳಿಯುವುದು ಒಂದು ವರ್ಷ. ಆ ವರ್ಷದಲ್ಲಿ ಅವಳಿಗೆ ವಾಂತಿ, ಗದ್ದೆ, ಕುಬುಸ, ತವರು, ಹೆರಿಗೆ, ಹಸುಗೂಸು. ತನಗೆ ಏನು ಬರಬೇಕಿತ್ತು, ಏನು ಬರಲಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಹೆಸರು ಪಟ್ಟಿಯಿಂದ ಹೋಗಿರುತ್ತದೆ. ಹೊಸಬಳು ಬಂದಿರುತ್ತಾಳೆ, ಅವಳಿಗೆ ಏನೂ ಗೊತ್ತಿರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೆ ವೋಟಿಲ್ಲ, ಅಂಗನವಾಡಿಯ ಮಗುವಿಗೂ ಇಲ್ಲ. ರೇಷನ್ ಕಾರ್ಡು ಹಾಗಲ್ಲ. ಅದು ಅಜ್ಜನಿಂದ ಮೊಮ್ಮಗನವರೆಗೆ ಇರುತ್ತದೆ. 2023ರಲ್ಲಿ ಅಕ್ಕಿ ಸಿಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕಲು ಶುರು ಮಾಡಿದಾಗ ನಮ್ಮೂರ ಕಟ್ಟೆಯ ಮೇಲೆ ಕೂತ ಮುದುಕನಿಗೂ ಆ ಅಂಕಿ ಬಾಯಿಪಾಠ. ಒಂದು ಕಂತು ತಡವಾದರೆ ಪಂಚಾಯಿತಿ ಮೆಂಬರಿಗೆ ಹಾದಿಯಲ್ಲಿ ನಡೆಯಲು ಆಗುತ್ತಿರಲಿಲ್ಲ. ಅದೇ ಮುದುಕನನ್ನು ಕೇಳಿ, ನಿನ್ನ ಸೊಸೆಗೆ ಅಂಗನವಾಡಿಯಲ್ಲಿ ದಿನಕ್ಕೆ ಎಷ್ಟು ಇಟ್ಟಿದ್ದಾರೆ ಅಂತ. 2017ರಲ್ಲಿ ಕೇಂದ್ರ ನಿಗದಿ ಮಾಡಿದ್ದು ಗರ್ಭಿಣಿಗೆ ದಿನಕ್ಕೆ 9 ರೂಪಾಯಿ 50 ಪೈಸೆ, ಮಗುವಿಗೆ 8 ರೂಪಾಯಿ. ಅದರಲ್ಲಿ ಅರ್ಧ ಕೇಂದ್ರ, ಅರ್ಧ ರಾಜ್ಯ. ಮಾತೃಪೂರ್ಣದ ಊಟಕ್ಕೆ ಇದು ಸಾಲದು ಅಂತ ರಾಜ್ಯ ಮೇಲೆ ಹಣ ಹಾಕಿತು, ಸರಿ. ಆದರೆ ತತ್ತಿಯ ರೇಟು ಏರುತ್ತಾ ಹೋಯಿತು, ಈ ಒಂಬತ್ತೂವರೆ ರೂಪಾಯಿ ಮಾತ್ರ ವರ್ಷಗಟ್ಟಲೆ ಅಲ್ಲೇ ಕೂತಿತು. ಯಾವ ಕಟ್ಟೆಯ ಮೇಲೂ ಜಗಳ ಆಗಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಕೆಟ್ಟದ್ದು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಸರ್ಕಾರಿ ನೌಕರಿಯಂಥ ಕಡೆ ಈಗಾಗಲೇ ಸೌಲಭ್ಯ ಇರುವವರನ್ನು ಬಿಟ್ಟು, ಪ್ರತಿ ಗರ್ಭಿಣಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ನೆರವು. ಯೋಜನೆ ಜಾರಿಯಾದದ್ದು 2017ರ ಜನವರಿಯಿಂದ. ಬಂದಾಗ ಅದು 5,000 ಆಗಿತ್ತು, ಅದೂ ಮೊದಲ ಮಗುವಿಗೆ ಮಾತ್ರ. 2022ರಿಂದ ಎರಡನೆಯದಕ್ಕೂ ಕೊಡುತ್ತಾರೆ, ಆ ಕೂಸು ಹೆಣ್ಣಾಗಿದ್ದರೆ. ಕಾನೂನಿನಲ್ಲಿ ಇದ್ದದ್ದು ಯೋಜನೆಯಲ್ಲಿ ಕರಗಿತು. ಒಂದು ಬಸ್ಸಿನ ಗಾಜೂ ಒಡೆಯಲಿಲ್ಲ. (ಒಡೆಯಬೇಕಿತ್ತು ಅಂತಲ್ಲ.)

ಶಾಲೆಯ ಮಕ್ಕಳ ಕತೆ ಬೇರೆಯಾಯಿತು. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ನಮ್ಮ ಭಾಗದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಬೇಡ ಅಂದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮೈಕ್ ಹಿಡಿದು, ನಮಗೆ ತತ್ತಿ ಬೇಕು, ಬೇಡ ಅಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೊ ನಿಮಗೆಲ್ಲ ನೆನಪಿರಬಹುದು. ಮುಂದಿನ ವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ಕೊಡಲು ಒಪ್ಪಿ, ವಾರಕ್ಕೆ ಆರು ದಿನವಾಯಿತು. ದೇಣಿಗೆಯ ಹಣ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆ ಇದೆ, ಇರಲಿ. ಹುಡುಗಿಯ ಮಾತಿನಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಎಂಟು ಹತ್ತು ವರ್ಷ ಶಾಲೆಯಲ್ಲಿ ಇರುವವರಿಗೆ ಮೈಕ್ ಹಿಡಿಯಲು ಸಮಯ ಸಿಗುತ್ತದೆ.

ತಮಿಳುನಾಡಿನ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. 1982ರಲ್ಲಿ ಎಂಜಿಆರ್ ಶಾಲೆಯ ಊಟ ದೊಡ್ಡದು ಮಾಡಿದರು. ಆಮೇಲೆ ಬಂದ ಕರುಣಾನಿಧಿ ಅದನ್ನು ತೆಗೆಯದೆ ಮೊಟ್ಟೆ ಸೇರಿಸಿದರು. ಒಬ್ಬರ ಮೇಲೊಬ್ಬರು ಹಠಕ್ಕೆ ಬಿದ್ದು ತಟ್ಟೆ ತುಂಬಿಸಿದರು. ರಾಜಕೀಯ ಬೇಡ, ಊಟದ ವಿಷಯದಲ್ಲಿ ರಾಜಕೀಯ ಮಾಡಬೇಡಿ ಅಂತ ನಮ್ಮಲ್ಲಿ ದೊಡ್ಡವರು ಹೇಳುವಾಗ ನನಗೆ ಇದು ನೆನಪಾಗುತ್ತದೆ. ನಮ್ಮ ಬಸುರಿಯರ ಊಟಕ್ಕೆ ರಾಜಕೀಯ ಜಾಸ್ತಿ ಆಗಿಲ್ಲ. ಅವರ ಪರವಾಗಿ ಆದದ್ದು ಬಹಳ ಕಮ್ಮಿ.

ಆದದ್ದೆಲ್ಲ ಹೆಚ್ಚಾಗಿ ಕೋರ್ಟಿನಿಂದ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾದದ್ದು. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಪ್ರತಿ ವಾಸಸ್ಥಳಕ್ಕೂ ಅಂಗನವಾಡಿ ಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು, 2006ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ ಅಂತ 2004ರಲ್ಲೇ ಹೇಳಿತ್ತು. 2011ರ ಸುಮಾರಿಗೆ ನಮ್ಮ ರಾಯಚೂರು ಜಿಲ್ಲೆಯ ಎಲುಬು ಕಾಣುವ ಮಕ್ಕಳು ಟಿವಿಯಲ್ಲಿ ಬಂದರು. ವಿಷಯ ಹೈಕೋರ್ಟಿಗೆ ಹೋಗಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಬಂತು. ಯಾವ ಗ್ರಾಮಸಭೆಯೂ ಕೇಳದ್ದನ್ನು ಜಡ್ಜು ಕೇಳಬೇಕಾಯಿತು. ಸಂವಿಧಾನದ 371 ಜೆ ವಿಧಿಯ ವಿಶೇಷ ಸ್ಥಾನಮಾನ ಬಂದ ಮೇಲೆ ನಮ್ಮ ಭಾಗಕ್ಕೆ ಹಣಕ್ಕೇನೂ ಕೊರತೆಯಿಲ್ಲ ಅಂತಾರೆ. ಆ ಹಣದಲ್ಲಿ ಅಂಗನವಾಡಿಗೆ ಗೋಡೆ, ಕಾಂಪೌಂಡು, ಬಣ್ಣ ಬರುತ್ತದೆ. ಗೋಡೆಗೆ ಗುತ್ತಿಗೆದಾರ ಇದ್ದಾನೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ತತ್ತಿ ಬೇಯಿಸಿದ ಅರ್ಧ ಗಂಟೆಯಲ್ಲಿ ಇರುವುದಿಲ್ಲ. ಅದರ ಮೇಲೆ ಯಾರ ಹೆಸರು ಕೆತ್ತುವುದು?

ಉದ್ರಿ ವಹಿ

ಚಿಗವ್ವನ ಹತ್ತಿರ ಎರಡು ತರಹದ ಪುಸ್ತಕಗಳಿವೆ. ಸರ್ಕಾರ ಕೊಟ್ಟ ರಿಜಿಸ್ಟರುಗಳು, ಎಷ್ಟೋ. ಇನ್ನೊಂದು ಅವಳದೇ ನೂರು ಪುಟದ ನೋಟ್‌ಬುಕ್. ಒಂದು ಸಲ ಅದನ್ನು ನನ್ನ ಮುಂದೆ ಇಟ್ಟು, "ನೀನು ಲೆಕ್ಕದಾಂವ, ಕೂಡಿಸಿ ಹೇಳು" ಅಂದಳು. ಕೂಡಿಸಿದೆ. ಅಂಗಡಿಯಿಂದ ಉದ್ರಿ ತಂದ ತತ್ತಿ, ತರಕಾರಿ, ಸಿಲಿಂಡರ್ ತರಲು ಆಟೋ ಬಾಡಿಗೆ. ಹಣ ಬರುವುದು ಬಾಲವಿಕಾಸ ಸಮಿತಿಯ ಖಾತೆಗೆ, ಒಂದು ತಿಂಗಳು ತಡವಾದರೆ ಪುಣ್ಯ. ತೆಗೆಯಲು ಎರಡು ಸಹಿ ಬೇಕು. ಒಂದು ಚಿಗವ್ವನದು, ಇನ್ನೊಂದು ಸಮಿತಿಯ ಅಧ್ಯಕ್ಷೆಯದು. ಅಧ್ಯಕ್ಷೆ ಹೆಸರಿಗೆ ಮಾತ್ರ, ಸಹಿ ಯಾವಾಗ ಹಾಕಬೇಕು ಅನ್ನುವುದು ಅವಳ ಮನೆಯವರ ಕೈಯಲ್ಲಿ. ಮನೆಯವರು ಪಂಚಾಯಿತಿಯಲ್ಲಿ ಯಾವ ಗುಂಪಿನವರು, ಚಿಗವ್ವನ ಗಂಡ ಕಳೆದ ಚುನಾವಣೆಯಲ್ಲಿ ಯಾರ ಜೊತೆ ಓಡಾಡಿದ, ಇದೆಲ್ಲ ತತ್ತಿಯ ಹಣದ ದಾರಿಯಲ್ಲಿ ಬರುವ ಉಬ್ಬುಗಳು. ಹಾಗಾದರೆ ಟೆಂಡರ್ ಕರೆದು ಒಬ್ಬನೇ ಪೂರೈಸಲಿ ಅಂದರೆ? ಅದನ್ನೂ ಅವಳು ನೋಡಿದ್ದಾಳೆ. ಗಾಡಿ ಬಂದಾಗ ಬರುತ್ತದೆ. ತತ್ತಿ ಇಷ್ಟು ಸಣ್ಣದು, ಪಾರಿವಾಳದ್ದೇನೋ ಅಂತ ಸಹಾಯಕಿ ನಗುತ್ತಿದ್ದಳಂತೆ. ಒಡೆದದ್ದಕ್ಕೆ ಯಾರನ್ನು ಕೇಳಬೇಕು ಗೊತ್ತಿಲ್ಲ. ಚಿಗವ್ವನಿಗೆ ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದೆ. "ಉದ್ರಿನೇ ಚಲೋ. ಅಂಗಡಿಯಾಂವ ನಮ್ಮೂರಾಂವ, ಜಗಳ ಮಾಡಬಹುದು" ಅಂದಳು. ಆಡಳಿತದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ನೆನಪಿಲ್ಲ.

ನೋಟ್‌ಬುಕ್ಕಿನ ಲೆಕ್ಕದ ಪ್ರಕಾರ ಆ ಹೊತ್ತಿಗೆ ಅವಳ ಕೈಯಿಂದ ಹೋಗಿದ್ದ ಹಣ ಅವಳ ಒಂದು ತಿಂಗಳ ಗೌರವಧನಕ್ಕಿಂತ ಜಾಸ್ತಿ ಇತ್ತು. ಸಂಬಳ ಅನ್ನಬಾರದು, ಗೌರವಧನ. ಅದಕ್ಕೆ ಕೇಂದ್ರ ನಿಗದಿ ಮಾಡಿದ ಮೊತ್ತ 2018ರಲ್ಲಿ 4,500 ರೂಪಾಯಿಗೆ ಏರಿದ ಮೇಲೆ ಹಾಗೇ ನಿಂತಿತು. ಏರಿದ್ದೆಲ್ಲ ರಾಜ್ಯದಿಂದ, ಅದೂ ಬೆಂಗಳೂರಿನ ರಸ್ತೆಯ ಮೇಲೆ ಮಲಗಿದ ಮೇಲೆ. 2017ರ ಮಾರ್ಚ್‌ನಲ್ಲಿ ಚಿಗವ್ವನೂ ಹೋಗಿದ್ದಳು, ಫ್ರೀಡಂ ಪಾರ್ಕ್ ಹತ್ತಿರ ಬೆಡ್‌ಶೀಟ್ ಹಾಸಿಕೊಂಡು ಮಲಗಿದ್ದಳು. ಆ ಮೂರ್ನಾಲ್ಕು ದಿನ ನಮ್ಮ ಕಾಕಾ ಮನೆಯಲ್ಲಿ ಬರೀ ಚಹಾ ಮಾಡಲು ಕಲಿತ. ಅವರು ಮಲಗಿದರು, ಸಿಕ್ಕಿತು. ಗ್ರಾಚ್ಯುಟಿಗೂ 2022ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ಹೇಳಿತು. ಕಾರ್ಯಕರ್ತೆಯರು ಮೂವತ್ತು ವರ್ಷ ಅದೇ ಕೆಲಸದಲ್ಲಿ ಇರುತ್ತಾರೆ, ಸಂಘ ಕಟ್ಟಲು ಆಗುತ್ತದೆ. ಪೂರೈಕೆದಾರರೂ ಹಾಗೇ, ಸರ್ಕಾರ ಬದಲಾದರೂ ಅವರು ಇರುತ್ತಾರೆ. ಅಲ್ಲಿ ಕಾಯಂ ಅಲ್ಲದವಳು ಉಣ್ಣುವವಳು ಒಬ್ಬಳೇ.

ಒಟಿಪಿ

ಕಳೆದ ವರ್ಷ ನನ್ನ ತಂಗಿ ಏಳನೇ ತಿಂಗಳಲ್ಲಿ ಕುಬುಸ ಮುಗಿಸಿ ತವರಿಗೆ ಬಂದಳು. ಅವಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿತ್ತು. ಈಗೆಲ್ಲ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್‌ನಲ್ಲೇ ನಡೆಯುವುದು. 2021ರಿಂದ ಅದು ಇದೆ, 2025ರ ಜುಲೈಯಿಂದ ಮನೆಗೆ ಒಯ್ಯುವ ರೇಷನ್ನಿಗೆ ಮುಖ ಗುರುತು ಕಡ್ಡಾಯ ಮಾಡಿದ್ದಾರೆ. ಸುಳ್ಳು ಹೆಸರು ಬರೆದು ತಿನ್ನುವವರನ್ನು ತಡೆಯಬೇಕು ಅನ್ನುವುದು ಸರಿಯೇ. ಲೆಕ್ಕದವನಾಗಿ ನಾನು ಅದನ್ನು ಬೇಡ ಅನ್ನಲಾರೆ. ತವರಿಗೆ ಬಂದವಳ ಹೆಸರನ್ನು ಇಲ್ಲಿಗೆ ತರಲು ನಮ್ಮೂರ ಅಂಗನವಾಡಿ ಟೀಚರು ಅವಳ ಫೋಟೊ ತೆಗೆದರು. ಮುಖ ಸರಿ ಬರಲಿಲ್ಲ, ಬಾಗಿಲ ಬೆಳಕಿಗೆ ನಿಲ್ಲಿಸಿ ಮತ್ತೆ ತೆಗೆದರು. ಆಮೇಲೆ ಒಟಿಪಿ. ಅದು ಹೋದದ್ದು ಆಧಾರಿಗೆ ಜೋಡಿಸಿದ ಫೋನಿಗೆ, ಅಂದರೆ ಗಂಡನ ಫೋನಿಗೆ. ಅವನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ, ಹನ್ನೊಂದನೇ ಮಹಡಿಯ ಮೇಲೆ. ಗುಳೆ ಹೋದವನ ಜೇಬಿನಲ್ಲಿ ಬಸುರಿಯ ಊಟದ ಬೀಗದ ಕೈ. ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತಿದಾಗ ಒಟಿಪಿ ಅವಧಿ ಮುಗಿದಿತ್ತು. ಮೂರು ದಿನ ಇದೇ ಆಟ.

ನಾಲ್ಕನೇ ದಿನ ನಾನೂ ತಂಗಿಯ ಜೊತೆ ಹೋದೆ. ಮಕ್ಕಳ ಊಟ ಮುಗಿದಿತ್ತು. ಟೀಚರು ಫೋನನ್ನು ಚಾರ್ಜಿಗೆ ಹಾಕಿ, ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಅನ್ನ ಸಾರು ಹಾಕಿ ಮೇಲೊಂದು ತತ್ತಿ ಇಟ್ಟು ತಂದರು. "ಹೆಸರು ಇನ್ನಾ ಬಂದಿಲ್ಲಲ್ರಿ" ಅಂದೆ. "ಇವತ್ತ ಇಬ್ಬರು ಬಂದಿಲ್ರಿ ಅಣ್ಣಾರ. ಉಣ್ಣವ್ವ ನೀನು" ಅಂದರು.

ಬರದೇ ಇದ್ದ ಇಬ್ಬರು ಯಾರು, ಮಕ್ಕಳೋ ಬಸುರಿಯರೋ, ಗದ್ದೆಗೆ ಹೋದವರೋ ಗುಳೆ ಹೋದವರೋ, ನಾನು ಕೇಳಲಿಲ್ಲ. ಅವರ ಹೆಸರಿನ ಮುಂದೆ ಆ ದಿನ ಏನು ಬರೆದರು ಅಂತಲೂ ಕೇಳಲಿಲ್ಲ. ತಂಗಿ ಗೋಡೆಗೆ ಒರಗಿ ಕೂತು, ತತ್ತಿಯನ್ನು ಎರಡು ಮಾಡಿ, ಹಳದಿ ಭಾಗವನ್ನು ಮೊದಲು ತಿಂದಳು. ಚಿಕ್ಕವಳಿದ್ದಾಗಿನಿಂದಲೂ ಹಾಗೇ ತಿನ್ನುತ್ತಾಳೆ.